ವಾಯುಪಡೆಯ ವಕೀಲನ ಫೈಲು, ಮಲೆನಾಡಿನ ಕಾಫಿ ರೇಟು

ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರಿಗೆ ದೆಹಲಿಯಲ್ಲಿ ಯಾವ ಮಂತ್ರಿ ಮುಖ್ಯ? ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಕೇಳಿದರೆ ಕೃಷಿ ಮಂತ್ರಿ ಅಂದಾರು. ಕಾಫಿಯವರ ಕಥೆ ಬೇರೆ. ಕಾಫಿ ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ. ಏಲಕ್ಕಿ, ಮೆಣಸು ನೋಡಿಕೊಳ್ಳುವ ಸಾಂಬಾರ ಮಂಡಳಿಯೂ ಅಲ್ಲೇ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಕೂಡ ಅದೇ ಮಂಡಳಿಯದು. ತೋಟಕ್ಕೆ ಕಾಂಡಕೊರಕ ಬಿದ್ದರೂ ಅರ್ಜಿ ಹೋಗುವುದು ವ್ಯಾಪಾರದ ಮಂತ್ರಿಯ ಕಚೇರಿಗೆ. ವಿಚಿತ್ರ ಅನ್ನಿಸಿದರೂ ಸತ್ಯ.

ಈಗ ಇನ್ನೊಂದು ದೇಶದ ವ್ಯಾಪಾರ ಮಂತ್ರಿಯ ಹೆಸರೂ ನಮಗೆ ಗೊತ್ತಿರಬೇಕಾಗಿದೆ. ಜೇಮಿಸನ್ ಗ್ರೀರ್. ಅಮೆರಿಕದ ವ್ಯಾಪಾರ ಪ್ರತಿನಿಧಿ. ಹುದ್ದೆಯ ಹೆಸರಿನಲ್ಲಿ ಮಂತ್ರಿ ಅಂತ ಇಲ್ಲ, ಆದರೆ ಸಂಪುಟ ದರ್ಜೆ ಇದೆ. ಟ್ರಂಪ್ ಸುಂಕದ ಸುದ್ದಿ ಬಂದಾಗಲೆಲ್ಲ ನಾವು ಟ್ರಂಪ್ ಮುಖವನ್ನೇ ನೋಡುತ್ತೇವೆ. ಅದರ ಹಿಂದಿನ ಕಾಗದ ಪತ್ರದ ದೊಡ್ಡ ಪಾಲು ತಯಾರಾಗುವುದು ಈ ಮಾಜಿ ಮಿಲಿಟರಿ ಅಧಿಕಾರಿಯ ಕಚೇರಿಯಲ್ಲಿ. ನನ್ನ ಪ್ರಕಾರ 2026ರಲ್ಲಿ ನಮ್ಮ ಬೆಳೆಗಾರರು ಟ್ರಂಪ್ ಅವರ ಪೋಸ್ಟ್‌ಗಳಿಗಿಂತ ಗ್ರೀರ್ ಅವರ ಫೈಲುಗಳ ಮೇಲೆ ಜಾಸ್ತಿ ಕಣ್ಣಿಡಬೇಕು. ಯಾಕೆ ಅಂತ ತಿಳಿಯಬೇಕಾದರೆ ಅವರು ಬಂದ ದಾರಿಯಿಂದಲೇ ಶುರು ಮಾಡಬೇಕು.

ಮಿಲಿಟರಿ ಅಧಿಕಾರಿ ಅಂದ ತಕ್ಷಣ ನಮ್ಮ ಕಡೆಯವರಿಗೆ ಪಕ್ಕದ ಕೊಡಗು ನೆನಪಾಗುತ್ತದೆ. ಗಡಿ, ಬಂದೂಕು, ಪದಕ. ಗ್ರೀರ್ ಆ ಜಾತಿಯ ಅಧಿಕಾರಿ ಅಲ್ಲ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಪದವಿ, ಪ್ಯಾರಿಸ್‌ನಲ್ಲಿ ಸ್ನಾತಕೋತ್ತರ ಓದು, 2007ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ. ಆಮೇಲೆ ವಾಯುಪಡೆಯ ಜಡ್ಜ್ ಅಡ್ವೊಕೇಟ್ ಜನರಲ್ ವಿಭಾಗ ಸೇರಿದರು. ಚುಟುಕಾಗಿ ಜೆಎಜಿ ಅನ್ನುತ್ತಾರೆ. ಸೇನೆಯೊಳಗಿನ ವಕೀಲರ ಪಡೆ ಅದು. ನಮ್ಮ ಭೂಸೇನೆಯಲ್ಲೂ ಇದೇ ಹೆಸರಿನ ಶಾಖೆ ಇದೆ. ಎಲ್‌ಎಲ್‌ಬಿ ಮುಗಿಸಿದವರನ್ನು ನೇರವಾಗಿ ಅಧಿಕಾರಿಗಳನ್ನಾಗಿ ತೆಗೆದುಕೊಳ್ಳುತ್ತಾರೆ. ಕಾನೂನು ಓದುವ ನಮ್ಮ ಊರಿನ ಎಷ್ಟೋ ಹುಡುಗ ಹುಡುಗಿಯರಿಗೆ ಇಂಥದ್ದೊಂದು ದಾರಿ ಇದೆ ಅನ್ನೋದೇ ಗೊತ್ತಿಲ್ಲ. ಅದು ಇರಲಿ.

ಅಲ್ಲಿ ಗ್ರೀರ್ ಮಾಡಿದ್ದು ಎರಡೂ ಬದಿಯ ಕೆಲಸ. ಕ್ರಿಮಿನಲ್ ಪ್ರಕರಣಗಳಲ್ಲಿ ಕೆಲವೊಮ್ಮೆ ವಾಯುಪಡೆ ಸಿಬ್ಬಂದಿಯ ವಿರುದ್ಧ ಸರ್ಕಾರದ ಪರ ವಾದ, ಕೆಲವೊಮ್ಮೆ ಆರೋಪಿಯ ಪರ ವಾದ. ಇರಾಕ್‌ಗೂ ಹೋಗಿ ಬಂದರು. ಯುದ್ಧ ನಡೆಯುವ ಕಡೆ ಸೇನೆಯ ವಕೀಲನಿಗೆ ಏನು ಕೆಲಸ ಅಂತ ಕೇಳಬಹುದು. ಬಹಳ ಇದೆ. ಸೆರೆ ಸಿಕ್ಕವರನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು, ಯಾವ ಕಟ್ಟಡದ ಮೇಲೆ ದಾಳಿ ಮಾಡಬಹುದು, ಯಾವ ಗುತ್ತಿಗೆಗೆ ಸಹಿ ಹಾಕಬಹುದು, ಇದೆಲ್ಲ ವಕೀಲರ ಮೇಜಿಗೆ ಬರುತ್ತದೆ. ಕಮಾಂಡರ್ ಏನು ಮಾಡಬೇಕು ಅಂತ ಇವರು ಹೇಳುವುದಿಲ್ಲ. ಕಮಾಂಡರ್ ಮಾಡಬೇಕು ಅಂದುಕೊಂಡದ್ದಕ್ಕೆ ಕಾನೂನಿನಲ್ಲಿ ದಾರಿ ಇದೆಯೇ, ಇದ್ದರೆ ಯಾವುದು ಅಂತ ಹುಡುಕಿ ಕೊಡುತ್ತಾರೆ. ಇವತ್ತು ವಾಷಿಂಗ್ಟನ್‌ನಲ್ಲಿ ಅವರು ಮಾಡುತ್ತಿರುವುದೂ ಹೆಚ್ಚು ಕಡಿಮೆ ಇದೇ ಕೆಲಸ.

ಸೇನೆ ಬಿಟ್ಟ ಮೇಲೆ ವ್ಯಾಪಾರ ಕಾನೂನಿನ ವಕೀಲಿಕೆ. ಆ ಕ್ಷೇತ್ರದ ಹಳೆ ಹುಲಿ ರಾಬರ್ಟ್ ಲೈಟ್‌ಹೈಜರ್. ಟ್ರಂಪ್ ಮೊದಲ ಅವಧಿಯಲ್ಲಿ ವ್ಯಾಪಾರ ಪ್ರತಿನಿಧಿಯಾಗಿದ್ದವರು ಅವರೇ. 2017ರಲ್ಲಿ ಅವರ ಚೀಫ್ ಆಫ್ ಸ್ಟಾಫ್, ಅಂದರೆ ಕಚೇರಿ ನೋಡಿಕೊಳ್ಳುವ ಮುಖ್ಯ ಸಹಾಯಕರಾಗಿ ಗ್ರೀರ್ ಸೇರಿಕೊಂಡರು. ಚೀನಾ ಮೇಲಿನ ಸುಂಕ, ಮೆಕ್ಸಿಕೋ ಮತ್ತು ಕೆನಡಾ ಜೊತೆಗಿನ ಹೊಸ ಒಪ್ಪಂದ, 2020ರ ಜನವರಿಯಲ್ಲಿ ಚೀನಾ ಜೊತೆ ಆದ ಮೊದಲ ಹಂತದ ಒಪ್ಪಂದ, ಎಲ್ಲದರ ಒಳಗೂ ಇದ್ದರು. ಭಾರತಕ್ಕೆ ಸಿಗುತ್ತಿದ್ದ ಜಿಎಸ್‌ಪಿ ಸುಂಕ ರಿಯಾಯಿತಿಯನ್ನು 2019ರ ಜೂನ್‌ನಲ್ಲಿ ಅಮೆರಿಕ ಕಿತ್ತುಕೊಂಡದ್ದೂ ಆ ಕಾಲದಲ್ಲೇ. ನಡುವೆ ಮತ್ತೆ ಖಾಸಗಿ ವಕೀಲಿಕೆ. 2025ರ ಫೆಬ್ರವರಿ 26ರಂದು ಸೆನೆಟ್ 56–43 ಮತಗಳಿಂದ ಅವರನ್ನು ಒಪ್ಪಿತು.

ನಮ್ಮಲ್ಲೂ ಸಮವಸ್ತ್ರ ಬಿಟ್ಟು ವ್ಯಾಪಾರ ಖಾತೆಗೆ ಬಂದವರು ಇದ್ದಾರೆ. ರಾಜಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಸಚಿವ ರಾಜ್ಯವರ್ಧನ ಸಿಂಗ್ ರಾಥೋಡ್ ಸೇನೆಯಲ್ಲಿ ಕರ್ನಲ್ ಆಗಿದ್ದವರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಶೂಟಿಂಗ್‌ನಲ್ಲಿ ಬೆಳ್ಳಿ ಗೆದ್ದವರು. ಮೊದಲು ಕೇಂದ್ರದಲ್ಲಿ ಮಂತ್ರಿ, ಆಮೇಲೆ ರಾಜ್ಯಕ್ಕೆ ಬಂದರು. ಅವರಿಗೆ ಸೇನೆ ಕೊಟ್ಟದ್ದು ಜನ ಗುರುತಿಸುವ ಮುಖ, ಮತ ತರುವ ಹೆಸರು. ಹಾಸನದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಇನ್ನೊಂದು ಥರ. ಬಾಂಗ್ಲಾ ಯುದ್ಧದ ಕಾಲದ ಅಧಿಕಾರಿ. ಹೇಮಾವತಿ ಅಣೆಕಟ್ಟಿಗೆ ಮನೆಯ ಜಮೀನು ಮುಳುಗಿದ ಮೇಲೆ ಜಾವಗಲ್ ಕಡೆ ಬೇಸಾಯಕ್ಕಿಳಿದರು, 2003ರಲ್ಲಿ ಏರ್ ಡೆಕ್ಕನ್ ಕಟ್ಟಿದರು. 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಂತು ಸೋತರು. ಅವರದು ನುಗ್ಗುವ ಸ್ವಭಾವ. ಗ್ರೀರ್‌ಗೆ ಈ ಎರಡೂ ಇಲ್ಲ. ಬೀದಿಯಲ್ಲಿ ಹೋದರೆ ಅಮೆರಿಕದವರೇ ಅವರನ್ನು ಗುರುತಿಸುವುದು ಕಷ್ಟ. ಸೇನೆಯಿಂದ ಅವರು ತಂದುಕೊಂಡದ್ದು ಕೆಲಸದ ಕ್ರಮ: ಮೇಲಿನವರ ಅಪ್ಪಣೆ ಏನಿದೆಯೋ ಅದಕ್ಕೆ ಸೆಕ್ಷನ್ ಹುಡುಕು.

ಅಪ್ಪಣೆ ಪಾಲಿಸುವವನ ಪಾಡು ಹೇಗಿರುತ್ತದೆ ಅನ್ನುವುದಕ್ಕೆ 2025ರ ಏಪ್ರಿಲ್ 9 ನೋಡಿ. ಏಪ್ರಿಲ್ 2ರಂದು ಟ್ರಂಪ್ ಪ್ರಪಂಚದ ಮೇಲೆಲ್ಲ ಸುಂಕ ಘೋಷಿಸಿದ್ದರು. ಭಾರತಕ್ಕೆ ಶೇ 26, ವಿಯೆಟ್ನಾಂಗೆ ಶೇ 46. ಅದನ್ನು ಸಮರ್ಥಿಸಲು ಗ್ರೀರ್ ಸಂಸತ್ತಿನ ಕೆಳಮನೆಯ ಸಮಿತಿ ಎದುರು ಕೂತಿದ್ದರು. ಮೈಕಿನ ಮುಂದೆ ಗಂಟೆಗಟ್ಟಲೆ ಪ್ರಶ್ನೆ. ಅವರು ಉತ್ತರ ಕೊಡುತ್ತಿರುವಾಗಲೇ ಟ್ರಂಪ್ ಆನ್‌ಲೈನ್‌ನಲ್ಲಿ ಹಾಕಿಬಿಟ್ಟರು: 90 ದಿನ ತಡೆ, ಚೀನಾಕ್ಕೆ ಮಾತ್ರ ಇಲ್ಲ. ಸಮಿತಿಯ ಸದಸ್ಯರು ಫೋನ್ ನೋಡಿ ಕೆಂಡವಾದರು. ನೆವಾಡಾದ ಸ್ಟೀವನ್ ಹಾರ್ಸ್‌ಫರ್ಡ್ ಅಂತೂ ನಿಮ್ಮ ಯಜಮಾನರು ನಿಮಗೇ ಕೈಕೊಟ್ಟರಲ್ಲ ಅನ್ನುವ ಅರ್ಥದಲ್ಲಿ ತರಾಟೆಗೆ ತೆಗೆದುಕೊಂಡರು. ಗ್ರೀರ್ ಎದ್ದು ಹೋಗಲಿಲ್ಲ, ಸಿಟ್ಟಾಗಲಿಲ್ಲ. ಐದು ನಿಮಿಷದ ಹಿಂದೆ ಸುಂಕವನ್ನು ಸಮರ್ಥಿಸಿದ ಅದೇ ದನಿಯಲ್ಲಿ ತಡೆಯನ್ನೂ ಸಮರ್ಥಿಸಿದರು. ಎರಡೂ ಬದಿಗೆ ವಾದ ಮಾಡಿ ಪಳಗಿದವರು ತಾನೇ!

ಹಾಗಾದರೆ ಅವರು ಬರೀ ಹೇಳಿದ್ದು ಮಾಡುವ ಮನುಷ್ಯನೇ? ಅಲ್ಲ. ಸುಂಕದಲ್ಲಿ ಅವರಿಗೆ ನಿಜವಾದ ನಂಬಿಕೆ ಇದೆ. ಅಧಿಕಾರಕ್ಕೆ ಬರುವ ಮೊದಲೇ, 2024ರಲ್ಲಿ, ಚೀನಾಕ್ಕೆ ಕೊಟ್ಟಿರುವ ಸಾಮಾನ್ಯ ವ್ಯಾಪಾರ ಸ್ಥಾನಮಾನ ತೆಗೆಯುವುದರ ಪರ ಸಂಸತ್ತಿನ ಆಯೋಗದ ಎದುರು ಮಾತಾಡಿದ್ದರು. ಹಾಗಂತ ಮಾತುಕತೆಗೆ ಬಾಗಿಲು ಹಾಕಿಕೊಳ್ಳುವವರೂ ಅಲ್ಲ. 2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಖಜಾನೆ ಕಾರ್ಯದರ್ಶಿ ಸ್ಕಾಟ್ ಬೆಸೆಂಟ್ ಜೊತೆ ಕೂತು ಚೀನಾ ಮೇಲಿನ ಶೇ 145 ಸುಂಕವನ್ನು ಶೇ 30ಕ್ಕೆ ಇಳಿಸಿದವರಲ್ಲಿ ಇವರೂ ಒಬ್ಬರು.

ಇಲ್ಲಿ ಒಂದು ಗೊಂದಲ ಬಗೆಹರಿಸಬೇಕು. ಅಮೆರಿಕದಲ್ಲಿ ವಾಣಿಜ್ಯ ಇಲಾಖೆಗೆ ಬೇರೆ ಮಂತ್ರಿ ಇದ್ದಾರೆ, ಹಾವರ್ಡ್ ಲಟ್ನಿಕ್. ವ್ಯಾಪಾರ ಪ್ರತಿನಿಧಿಯದು ಪ್ರತ್ಯೇಕ ಕಚೇರಿ. 1962ರ ಕಾನೂನಿನಿಂದ ಹುಟ್ಟಿದ್ದು. ನಮ್ಮಲ್ಲಿ ಎರಡೂ ಕೆಲಸ ಪೀಯೂಷ್ ಗೋಯಲ್ ಒಬ್ಬರ ಹತ್ತಿರ ಇದೆ. ಗ್ರೀರ್ ಕಚೇರಿ ಸಣ್ಣದು, ಆದರೆ ಕೈಯಲ್ಲಿ ದೊಡ್ಡ ಅಸ್ತ್ರ ಇದೆ: 1974ರ ವ್ಯಾಪಾರ ಕಾಯ್ದೆಯ ಸೆಕ್ಷನ್ 301. ಇನ್ನೊಂದು ದೇಶದ ನೀತಿ ಅಮೆರಿಕದ ವ್ಯಾಪಾರಕ್ಕೆ ಅನ್ಯಾಯ ಮಾಡುತ್ತಿದೆ ಅನ್ನಿಸಿದರೆ ತನಿಖೆ ಮಾಡಬಹುದು, ಸಾಬೀತಾದರೆ ಸುಂಕ ಹಾಕಬಹುದು. ನೋಟಿಸು, ಸಾರ್ವಜನಿಕರ ಅಹವಾಲು, ವಿಚಾರಣೆ, ವರದಿ. ಪೂರಾ ಕೋರ್ಟು ಕಚೇರಿ ಶೈಲಿ. ಭಾರತಕ್ಕೆ ಇದು ಹೊಸದೇನಲ್ಲ. 1989ರಲ್ಲಿ ಇದರ ಖಡಕ್ ರೂಪವಾದ ಸೂಪರ್ 301 ಕೆಳಗೆ ಜಪಾನ್, ಬ್ರೆಜಿಲ್ ಜೊತೆ ಭಾರತದ ಹೆಸರನ್ನೂ ಪಟ್ಟಿಗೆ ಸೇರಿಸಿದ್ದರು. ಆಗ ದೇಶದಲ್ಲಿ ದೊಡ್ಡ ಗಲಾಟೆಯೇ ಆಗಿತ್ತು.

2025ರಲ್ಲಿ ಟ್ರಂಪ್ ಈ ನಿಧಾನದ ದಾರಿ ಹಿಡಿಯಲಿಲ್ಲ. 1977ರ ತುರ್ತು ಆರ್ಥಿಕ ಅಧಿಕಾರಗಳ ಕಾಯ್ದೆ ಬಳಸಿ ರಾತ್ರೋರಾತ್ರಿ ಸುಂಕ ಹಾಕಿದರು. ತನಿಖೆ ಇಲ್ಲ, ವರದಿ ಇಲ್ಲ. ಭಾರತಕ್ಕೆ ಆಗಸ್ಟ್ 7ರಿಂದ ಶೇ 25, ರಷ್ಯಾ ತೈಲ ಕೊಂಡದ್ದಕ್ಕೆ ಆಗಸ್ಟ್ 27ರಿಂದ ಇನ್ನೂ ಶೇ 25. ಬ್ರೆಜಿಲ್‌ಗೂ ಒಟ್ಟು ಶೇ 50. ಆಮೇಲೆ 2026ರ ಫೆಬ್ರವರಿ ಮೊದಲ ವಾರದಲ್ಲಿ ಭಾರತದ ದರ ಶೇ 18ಕ್ಕೆ ಇಳಿಸಲು ಎರಡೂ ಸರ್ಕಾರ ಒಪ್ಪಿದವು. ಆ ಶಾಯಿ ಒಣಗುವ ಮೊದಲೇ, ಫೆಬ್ರವರಿ 20ರಂದು, ತುರ್ತು ಕಾಯ್ದೆಯಲ್ಲಿ ಸುಂಕ ಹಾಕುವ ಅಧಿಕಾರ ಇಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಟ್ರಂಪ್ ತಾತ್ಕಾಲಿಕ ಸುಂಕ ಹಾಕಲು ಅದೇ 1974ರ ವ್ಯಾಪಾರ ಕಾಯ್ದೆಯ ಸೆಕ್ಷನ್ 122ರ ಮೊರೆ ಹೋದರು. ಅದಕ್ಕೆ ಆಯಸ್ಸು 150 ದಿನ ಮಾತ್ರ. ಮುಂದುವರಿಸಬೇಕಾದರೆ ಸಂಸತ್ತು ಒಪ್ಪಬೇಕು.

ಈ ತೀರ್ಪಿನಿಂದ ಟ್ರಂಪ್ ಸೋತರು ಅಂತ ನಮ್ಮ ಟಿವಿಯವರು ಹೇಳಿದರು. ಅದು ಅರ್ಧ ಸತ್ಯ. ಇನ್ನರ್ಧ ಏನೆಂದರೆ ಗ್ರೀರ್ ಕಚೇರಿಯ ತೂಕ ಏರಿತು. ದಿಢೀರ್ ಅಸ್ತ್ರ ಹೋದ ಮೇಲೆ ಉಳಿದದ್ದು ಮುಖ್ಯವಾಗಿ ಎರಡು. ಒಂದು ರಾಷ್ಟ್ರೀಯ ಭದ್ರತೆ ಹೆಸರಿನ ಸೆಕ್ಷನ್ 232, ಅದರ ತನಿಖೆ ವಾಣಿಜ್ಯ ಇಲಾಖೆಯದು. ಇನ್ನೊಂದು ಸೆಕ್ಷನ್ 301, ಅದು ಗ್ರೀರ್ ಅವರದು. 301ರಲ್ಲಿ ಹಾಕಿದ ಸುಂಕ ಬೇಗ ಅಲ್ಲಾಡುವುದೂ ಇಲ್ಲ. 2018ರಲ್ಲಿ ಚೀನಾ ಮೇಲೆ ಹಾಕಿದ್ದನ್ನೇ ನೋಡಿ. ಬೈಡನ್ ಬಂದರು, ಹೋದರು. ಸುಂಕ ಹಾಗೇ ಕೂತಿದೆ.

ಇನ್ನು ನಮ್ಮ ಊರಿಗೆ ಬರೋಣ. ಸಕಲೇಶಪುರದ ಹಾನುಬಾಳು ಕಡೆಯ ಬೆಳೆಗಾರರೊಬ್ಬರು ನನ್ನನ್ನು ಕೇಳಿದ್ದರು: "ಅಲ್ಲ ಸಾರ್, ನಮ್ಮ ಕಾಫಿ ಹೋಗೋದು ಇಟಲಿ, ಜರ್ಮನಿಗೆ. ಅಮೆರಿಕದವನು ಸುಂಕ ಹಾಕಿದ್ರೆ ನಮಗೇನು?" ಸರಿಯಾದ ಪ್ರಶ್ನೆ. ನಮ್ಮ ಕಾಫಿಯ ದೊಡ್ಡ ಗಿರಾಕಿ ಯುರೋಪ್, ಜೊತೆಗೆ ರಷ್ಯಾ, ಕೊಲ್ಲಿ ದೇಶಗಳು. ಅಮೆರಿಕದ ಪಾಲು ಕಡಿಮೆ. ಆದರೆ ಉತ್ತರ ಇರುವುದು ಹಡಗಿನಲ್ಲಿ ಅಲ್ಲ, ವ್ಯಾಪಾರಿಯ ಮಂಡಿಯಲ್ಲಿ.

ಮೂಟೆ ಮಾರಲು ಹೋದಾಗ ನಡೆಯುವುದು ಎಲ್ಲರಿಗೂ ಗೊತ್ತು. ವ್ಯಾಪಾರಿ ಮೂಟೆಗೆ ಬಂಬು ಚುಚ್ಚಿ ಒಂದು ಹಿಡಿ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ತೆಗೆಯುತ್ತಾರೆ. ತೇವ ನೋಡುವ ಮಿಷನ್ನಿಗೆ ಹಾಕುತ್ತಾರೆ. ಸಿಪ್ಪೆ ಸುಲಿದು ಬೀಜ ತೂಗಿ ಓಟಿ, ಅಂದರೆ ಚೆರಿಯಿಂದ ಸಿಗುವ ಬೀಜದ ಪ್ರಮಾಣ, ಎಷ್ಟು ಅಂತ ಲೆಕ್ಕ ಮಾಡುತ್ತಾರೆ. ಇಷ್ಟೂ ನಮ್ಮ ಕಣ್ಣೆದುರೇ ಆಗುವ ಕೆಲಸ. ಆಮೇಲೆ ಮೊಬೈಲ್ ತೆಗೆದು ಟರ್ಮಿನಲ್, ಅಂದರೆ ವಿದೇಶಿ ಎಕ್ಸ್‌ಚೇಂಜಿನ ವಾಯಿದೆ ದರ, ನೋಡುತ್ತಾರೆ. ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್. 50 ಕೆಜಿ ಮೂಟೆಯ ರೇಟು ಅಲ್ಲಿಂದ ಇಳಿದು ಬರುತ್ತದೆ. 1996ರ ತನಕ ಕಾಫಿ ಮಂಡಳಿಯ ಪೂಲ್, ಅಂದರೆ ಬೆಳೆಗಾರರ ಕಾಫಿಯನ್ನು ಮಂಡಳಿಯೇ ಒಟ್ಟುಗೂಡಿಸಿ ಮಾರುವ ವ್ಯವಸ್ಥೆ ಇತ್ತು, ಬೆಲೆಯ ಏರಿಳಿತಕ್ಕೆ ಒಂದು ತಡೆಗೋಡೆ ಇತ್ತು. ಅದು ಹೋದ ಮೇಲೆ ನ್ಯೂಯಾರ್ಕ್‌ನ ಗಾಳಿ ನೇರ ನಮ್ಮ ಕಣಕ್ಕೇ ಬೀಸುತ್ತದೆ.

2025ರಲ್ಲಿ ಆದದ್ದು ಇದೇ. ಆ ವರ್ಷದ ಮೊದಲು ಅಮೆರಿಕದಲ್ಲಿ ಹುರಿಯದ ಕಾಫಿ ಬೀಜಕ್ಕೆ ಸುಂಕವೇ ಇರಲಿಲ್ಲ. ಹವಾಯಿ, ಪೋರ್ಟೊ ರಿಕೊ ಬಿಟ್ಟರೆ ಅಲ್ಲಿ ಕಾಫಿ ಬೆಳೆಯುವುದೇ ಅಪರೂಪ, ರಕ್ಷಿಸಲು ಅಲ್ಲಿ ಬೆಳೆಗಾರರಾದರೂ ಯಾರಿದ್ದಾರೆ? ಆಗಸ್ಟ್‌ನಲ್ಲಿ ಬ್ರೆಜಿಲ್ ಕಾಫಿಗೆ ಶೇ 50 ಬಿತ್ತು. ಬ್ರೆಜಿಲ್ ಅಂದರೆ ಜಗತ್ತಿನ ಅತಿ ದೊಡ್ಡ ಕಾಫಿ ಬೆಳೆಗಾರ. ಅಮೆರಿಕದ ಹುರಿಯುವ ಕಂಪನಿಗಳು ಬೇರೆ ಕಡೆ ಕಾಫಿ ಹುಡುಕಿದವು, ಎಕ್ಸ್‌ಚೇಂಜಿನ ಗೋಡೌನ್‌ಗಳಲ್ಲಿದ್ದ ದಾಸ್ತಾನು ಎಳೆದುಕೊಂಡವು. ನ್ಯೂಯಾರ್ಕ್‌ನಲ್ಲಿ ಪೌಂಡಿಗೆ 3 ಡಾಲರ್ ಆಸುಪಾಸಿನಲ್ಲಿದ್ದ ಅರೇಬಿಕಾ ಸೆಪ್ಟೆಂಬರ್ ಮಧ್ಯಕ್ಕೆ 4 ಡಾಲರ್ ದಾಟಿತು.

ಅಂದರೆ ಬ್ರೆಜಿಲ್‌ಗೆ ಬಿದ್ದ ಏಟಿನಿಂದ ಇಲ್ಲಿ ರೇಟು ಏರಿತು. ಭಾರತದ ಮೇಲೆ ಹಾಕಿದ ಶೇ 50 ನಮ್ಮ ಕಾಫಿಗೆ ಮಾಡಿದ ಕೆಡುಕಿಗಿಂತ ಬ್ರೆಜಿಲ್ ಮೇಲೆ ಹಾಕಿದ ಶೇ 50 ಮಾಡಿದ ಒಳಿತು ಜಾಸ್ತಿ. ಖುಷಿ ಪಡಬೇಕು ಅಲ್ವಾ? ಸಮಸ್ಯೆ ಇರುವುದು ತಿಂಗಳಿನಲ್ಲಿ. ಸೆಪ್ಟೆಂಬರ್‌ನಲ್ಲಿ ಸಣ್ಣ ಬೆಳೆಗಾರರ ಮನೆಯಲ್ಲಿ ಮೂಟೆ ಎಲ್ಲಿರುತ್ತದೆ? ಅರೇಬಿಕಾ ಹಣ್ಣು ಕೊಯ್ಲು ಶುರುವಾಗುವುದೇ ನವೆಂಬರ್ ಹೊತ್ತಿಗೆ. ಸರಿಯಾಗಿ ಅದೇ ನವೆಂಬರ್ 14ರಂದು ಟ್ರಂಪ್ ಕಾಫಿ, ಚಹಾ, ಬಾಳೆಹಣ್ಣು, ಸಾಂಬಾರ ಪದಾರ್ಥಗಳಿಗೆ ವಿನಾಯಿತಿ ಕೊಟ್ಟರು. 20ನೇ ತಾರೀಕು ಬ್ರೆಜಿಲ್ ಕಾಫಿ ಮೇಲಿನ ಶೇ 50ರಲ್ಲಿ ಉಳಿದಿದ್ದ ಹೆಚ್ಚುವರಿ ಶೇ 40 ಕೂಡ ಹೋಯಿತು. ನಮ್ಮ ಕಣಕ್ಕೆ ಹಣ್ಣು ಬರುವ ಹೊತ್ತಿಗೆ ನ್ಯೂಯಾರ್ಕ್ ತಣ್ಣಗಾಗತೊಡಗಿತ್ತು. ಏರಿದ ರೇಟಿನ ಲಾಭ ಸಿಕ್ಕಿದ್ದು ದಾಸ್ತಾನು ಇಟ್ಟುಕೊಳ್ಳುವ ತಾಕತ್ತಿದ್ದ ದೊಡ್ಡ ಎಸ್ಟೇಟಿನವರಿಗೆ, ವ್ಯಾಪಾರಿಗಳಿಗೆ. ಕೈಸಾಲ ತೀರಿಸಲು ಕಣದಿಂದಲೇ ಮಾರುವವರಿಗೆ ಏನೂ ಇಲ್ಲ.

ವಿನಾಯಿತಿ ಸಿಕ್ಕಿದ್ದು ಭಾರತದ ಮೇಲಿನ ಪ್ರೀತಿಗೆ ಅಲ್ಲ. ಅಮೆರಿಕದ ಅಂಗಡಿಗಳಲ್ಲಿ ಕಾಫಿ ಬೆಲೆ ಸೆಪ್ಟೆಂಬರ್ ಹೊತ್ತಿಗೆ ವರ್ಷದ ಹಿಂದಿನದಕ್ಕಿಂತ ಸುಮಾರು ಶೇ 19 ಏರಿತ್ತು. ನವೆಂಬರ್ 4ರಂದು ವರ್ಜೀನಿಯಾ, ನ್ಯೂಜೆರ್ಸಿಯ ಗವರ್ನರ್ ಚುನಾವಣೆಗಳಲ್ಲಿ ಟ್ರಂಪ್ ಪಕ್ಷ ಸೋತಿತು. ಹತ್ತೇ ದಿನಕ್ಕೆ ಆದೇಶ ಬಂತು.

ಮೆಣಸಿನ ವಿಷಯ ಇನ್ನೂ ಸಿಕ್ಕು. ತೋಟದಲ್ಲಿ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು ಕಟ್ಟುತ್ತದೆ. ಅದರ ದೊಡ್ಡ ಎದುರಾಳಿ ವಿಯೆಟ್ನಾಂ. ವಿಯೆಟ್ನಾಂ ಮೆಣಸಿನ ದೊಡ್ಡ ಗಿರಾಕಿ ಅಮೆರಿಕ. ಅಲ್ಲಿ ಬಾಗಿಲು ಬಿಗಿಯಾದರೆ ಆ ಮೆಣಸು ಬೇರೆ ದಾರಿ ಹುಡುಕುತ್ತದೆ. ಶ್ರೀಲಂಕಾ ಮೂಲಕ, ಅಲ್ಲಿಯದೇ ಅಂತ ಕಾಗದ ಮಾಡಿಸಿಕೊಂಡು ನಮ್ಮ ದೇಶಕ್ಕೆ ಬರುತ್ತದೆ ಅನ್ನುವುದು ಬೆಳೆಗಾರರ ಹಳೆಯ ದೂರು. ಆ ಬಾಗಿಲು ತೆರೆದದ್ದು 1998ರ ಡಿಸೆಂಬರ್ 28ರಂದು ಸಹಿಯಾದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ. ಆಗ ಕೇಂದ್ರದ ವಾಣಿಜ್ಯ ಮಂತ್ರಿ ನಮ್ಮವರೇ, ರಾಮಕೃಷ್ಣ ಹೆಗಡೆ. ಮೆಣಸು ಬೆಳೆಯುವ ಉತ್ತರ ಕನ್ನಡದವರು! ಅಗ್ಗದ ಮೆಣಸು ತಡೆಯಲು ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತು ಮಾಡಲು 2017ರ ಡಿಸೆಂಬರ್ ತನಕ ಕಾಯಬೇಕಾಯಿತು. ನಮ್ಮೂರಿನವರು ಮಂತ್ರಿಯಾದರೆ ಸಾಕು ಅನ್ನುವವರು ಈ ತಾರೀಕುಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು.

ಯುರೋಪಿನ ಅರಣ್ಯನಾಶ ತಡೆ ನಿಯಮ ಇದಕ್ಕಿಂತ ದೊಡ್ಡ ತಲೆನೋವು ಅಂತ ಕೆಲವರು ಹೇಳುತ್ತಾರೆ. ನಿಜ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲ ಅಂತ ತೋಟದ ಜಿಪಿಎಸ್ ಸಮೇತ ತೋರಿಸಬೇಕು. ಎರಡು ಸಲ ಮುಂದೂಡಿದ್ದಾರೆ ಅಂತ ನಮ್ಮವರು ಸುಮ್ನೆ ಕೂತಿದ್ದಾರೆ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಗ್ರೀರ್ ಫೈಲಿಗೆ ವಾಪಸ್ ಬರೋಣ. 2025ರ ಜುಲೈ 15ರಂದು ಅವರು ಬ್ರೆಜಿಲ್ ಮೇಲೆ ಸೆಕ್ಷನ್ 301 ತನಿಖೆ ಶುರು ಮಾಡಿದರು. ಪಿಕ್ಸ್ ಅನ್ನುವ ಬ್ರೆಜಿಲ್‌ನ ಯುಪಿಐ ಥರದ ಪಾವತಿ ವ್ಯವಸ್ಥೆ, ಎಥನಾಲ್, ಅಕ್ರಮ ಕಾಡು ಕಡಿತ, ನಕಲಿ ಮಾಲು, ಎಲ್ಲವೂ ಆರೋಪ ಪಟ್ಟಿಯಲ್ಲಿವೆ. ಬ್ರೆಜಿಲ್ ಮೇಲಿನ ಆಗಸ್ಟ್ ಸುಂಕ ಬರುವ ಮೊದಲೇ ಈ ಫೈಲು ತೆರೆದಿಟ್ಟಿದ್ದರು ಅನ್ನುವುದನ್ನು ಗಮನಿಸಿ. ತುರ್ತು ಕಾಯ್ದೆ ಕೋರ್ಟಿನಲ್ಲಿ ಬಿದ್ದರೆ ಇರಲಿ ಅಂತ ಇನ್ನೊಂದು ದಾರಿ ಮೊದಲೇ ತಯಾರು. ಇದು ವಕೀಲನ ತಲೆ. ಇಂಥ ತನಿಖೆಗೆ ಕಾನೂನು ಕೊಡುವ ಅವಧಿ ಸಾಮಾನ್ಯವಾಗಿ 12 ತಿಂಗಳು. ಲೆಕ್ಕ ಹಾಕಿದರೆ 2026ರ ಜುಲೈ ಮಧ್ಯ. ಸೆಕ್ಷನ್ 122ರ 150 ದಿನ ಮುಗಿಯುವುದೂ ಅದೇ ಜುಲೈನಲ್ಲಿ.

ಆ ಹೊತ್ತಿಗೆ ಇಲ್ಲಿ ಜಡಿಮಳೆ, ಗಿಡದಲ್ಲಿ ಹಸಿರು ಕಾಯಿ. ಮುಂದಿನ ಫಸಲನ್ನು ಮುಂಗಡವಾಗಿ ಮಾತಾಡಿಕೊಳ್ಳುವವರು, ಹಳೆ ಮೂಟೆ ಹಿಡಿದಿಟ್ಟುಕೊಂಡವರು ಆ ಎರಡು ವಾರ ನ್ಯೂಯಾರ್ಕ್ ಟರ್ಮಿನಲ್ ಜೊತೆಗೆ ವಾಷಿಂಗ್ಟನ್ ಸುದ್ದಿಯನ್ನೂ ನೋಡಬೇಕು. ಬ್ರೆಜಿಲ್ ಮೇಲಿನ ಸುಂಕ ಪಟ್ಟಿಗೆ ಕಾಫಿ ಸೇರಿದರೆ ರೇಟು ಮತ್ತೆ ಮೇಲೇಳಬಹುದು, ಈ ಸಲ ಹೆಚ್ಚು ದಿನ ನಿಲ್ಲಲೂಬಹುದು. ನನಗೆ ಅನ್ನಿಸುವುದು, ಕಾಫಿಯನ್ನು ಹೊರಗೇ ಇಡುತ್ತಾರೆ. ನವೆಂಬರ್ 3ರಂದು ಅಮೆರಿಕದಲ್ಲಿ ಮಧ್ಯಂತರ ಚುನಾವಣೆ ಇದೆ. ಒಂದು ವರ್ಷದ ಹಿಂದೆ ಕಾಫಿ ಬಿಲ್ಲು ತಂದ ಪಾಡನ್ನು ಅಷ್ಟು ಬೇಗ ಅವರು ಮರೆತಿರಲಾರರು. ಹಾಗಾಗಿ ಸುಂಕದ ಲೆಕ್ಕದಲ್ಲಿ ರೇಟು ಏರುತ್ತದೆ ಅಂತ ಮೂಟೆ ಕಟ್ಟಿಟ್ಟು ಕಾಯುವ ಧೈರ್ಯವನ್ನು, ಸಾಲ ಇರುವ ಯಾರಿಗೂ ನಾನು ಹೇಳುವುದಿಲ್ಲ.